ಬಂದೂಕು ಇಳಿಸಿದ ಕೈಗೆ ಕಸುಬು ಬೇಕು

ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ, ಊರಿಗೆ ಮರಳುವ ಸಿಪಾಯಿಗಳಿಗಾಗಿ ಅಂದಿನ ಸರ್ಕಾರವು ಉದ್ಯೋಗ ವಿನಿಮಯ ಕಚೇರಿಗಳನ್ನೂ ಕಸುಬಿನ ತರಬೇತಿಯನ್ನೂ ತೆರೆಯಿತು. ಮುಂದೆ ಅವು ಎಲ್ಲ ನಾಗರಿಕರಿಗೂ ದೊರೆತವು. 1950ರಿಂದ ಬೆಳೆದ ಐ.ಟಿ.ಐ.ಗಳ ಬೇರು ಇಲ್ಲಿದೆ. ಆದ್ದರಿಂದ ಸಿಪಾಯಿಯ ತರಬೇತಿಯ ಪ್ರಶ್ನೆ ಬೇರೆ, ಕಾರ್ಮಿಕನ ಪ್ರಶ್ನೆ ಬೇರೆ ಎಂದು ನಾವು ಭಾವಿಸುವುದಿಲ್ಲ.

2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆ ಈ ಪ್ರಶ್ನೆಯನ್ನು ಮತ್ತೆ ನಮ್ಮ ಬಾಗಿಲಿಗೆ ತಂದಿದೆ. ನಾಲ್ಕು ವರ್ಷದ ಸೇವೆಯಾದ ಮೇಲೆ ನೂರಕ್ಕೆ 25 ಮಂದಿಯವರೆಗೆ ಮಾತ್ರ ಸೈನ್ಯದಲ್ಲಿ ಉಳಿಸಿಕೊಳ್ಳುವುದೆಂದು ಯೋಜನೆ ಹೇಳಿತು. ಮೊದಲ ತಂಡದ ಅವಧಿ ತುಂಬುವುದು 2026ರ ಕೊನೆಯಿಂದ. ಹೊರಬರುವವರಿಗೆ ಪಿಂಚಣಿಯಿಲ್ಲ. ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಉಂಟು. ಅದರಲ್ಲಿ ಅರ್ಧ ಅವರ ಸಂಬಳದಿಂದಲೇ ಮುರಿದದ್ದು. ಎಚ್.ಡಿ. ಕೋಟೆ ಕಡೆಯ ಎನ್. ಬೇಗೂರಿನಂಥ ಊರಿಗೆ ಮರಳುವ ಇಪ್ಪತ್ತೈದರ ಯುವಕನಿಗೆ ಮಳೆ ನಂಬಿದ ಹೊಲ ಬಿಟ್ಟರೆ ಬೇರೇನಿದೆ? ಕೈಗಂಟು ಸಾಲಕ್ಕೋ ಮದುವೆಗೋ ಕರಗಿಹೋದೀತು. ಕಲಿತ ಕಸುಬು ಕರಗುವುದಿಲ್ಲ.

ರಕ್ಷಣಾ ಇಲಾಖೆಯ ಪುನರ್ವಸತಿ ಮಹಾನಿರ್ದೇಶನಾಲಯ ನಿವೃತ್ತರಾಗುವ ಜವಾನರಿಗೆ ತರಬೇತಿ ಕೊಡಿಸುತ್ತದೆ. ಇದನ್ನು ನಾವು ಮೆಚ್ಚುತ್ತೇವೆ. ಆದರೆ ಸೈನ್ಯದಲ್ಲಿ ಟ್ರಕ್ಕಿನ ಎಂಜಿನ್ ಬಿಚ್ಚಿ ಜೋಡಿಸಿದವನು ಕೊನೆಗೆ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ನಿಲ್ಲುವುದಾದರೆ ಆ ತರಬೇತಿಯ ಫಲವೇನು? ಗೇಟಿನ ಒಳಗೆ ಯಂತ್ರದ ಮುಂದೆ ಅವನಿಗೆ ಜಾಗ ಬೇಕು.

ಇನ್ನೊಂದು ಅಪಾಯವೂ ಉಂಟು. ತರಬೇತಿ ಕೊಟ್ಟವನನ್ನು ಕೆಲಸಕ್ಕೆ ಇಟ್ಟುಕೊಳ್ಳಲೇಬೇಕೆಂದು 1961ರ ಅಪ್ರೆಂಟಿಸ್ ಕಾಯಿದೆ ಮಾಲೀಕನಿಗೆ ವಿಧಿಸುವುದಿಲ್ಲ. ಸರ್ಕಾರದ ಹಣದಲ್ಲಿ ವರ್ಷಕ್ಕೊಂದು ತಂಡವನ್ನು ದುಡಿಸಿ ಹೊರಗೆ ಕಳುಹಿಸಿದರೆ, ಸಿಪಾಯಿಗೆ ಕೆಲಸ ಸಿಗದು. ಹಳೆಯ ಕಾರ್ಮಿಕನ ಕೂಲಿಯೂ ಇಳಿದೀತು. ಕಾರ್ಮಿಕನ ಕೈ ಬರಿದಾದ ವಾರ ಅಂಗಡಿಯವನ ಸಾಲದ ಪುಸ್ತಕ ದಪ್ಪವಾಗುವುದನ್ನು ನಮ್ಮ ವರ್ತಕ ಮಿತ್ರರಿಗೆ ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು: ಸೈನ್ಯದಲ್ಲಿ ಕಲಿತ ವಿದ್ಯೆಗೆ ಕಾರ್ಖಾನೆಯಲ್ಲಿ ನಡೆಯುವ ಪ್ರಮಾಣಪತ್ರ ಸಿಗಲಿ, ತರಬೇತಿಯ ಕಾಲದಲ್ಲಿ ಸಂಸಾರ ಸಾಗುವಷ್ಟು ಭತ್ಯೆ ಇರಲಿ, ತರಬೇತಿಗೆ ಸರ್ಕಾರದ ಹಣ ಪಡೆದ ಮಾಲೀಕನು ಇಂತಿಷ್ಟು ಮಂದಿಗೆ ಕಾಯಂ ಕೆಲಸ, ಸಮಾನ ಕೂಲಿ ಕೊಡುವೆನೆಂದು ಬರೆದುಕೊಡಲಿ. ಕಾರ್ಮಿಕ ಸಂಘಗಳು ಈ ಹೊಸ ಸಂಗಾತಿಗಳನ್ನು ಪ್ರತಿಸ್ಪರ್ಧಿಗಳೆಂದು ದೂರವಿಡದೆ, ಬಂದ ದಿನವೇ ಸದಸ್ಯರನ್ನಾಗಿ ಸೇರಿಸಿಕೊಳ್ಳಲಿ.