ಹತ್ತು ರೂಪಾಯಿ ಚೀಟಿ, ಸಂಜೆವರೆಗೆ ನಿಶ್ಚಿಂತೆ

ಬಸವಕಲ್ಯಾಣದ ಪೇಟೆಯಲ್ಲಿ ಗಾಡಿ ನಿಲ್ಲಿಸೋಕೆ ದುಡ್ಡು ತಗೋಬೇಕು ಅಂದರೆ ನನ್ನ ಗೆಳೆಯರು ನಗ್ತಾರೆ. ‘ಅದೇನು ಎಂ.ಜಿ. ರೋಡಾ?’ ಅಂತ. ಅಲ್ಲ. ಎಂ.ಜಿ. ರೋಡಿಗಿಂತ ಬಹಳ ಇಕ್ಕಟ್ಟಿನ ಜಾಗ, ಅದಕ್ಕೇ ಹೇಳ್ತಿರೋದು. ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿದ್ದ ಊರದು. ಕೋಟೆ ಆಸುಪಾಸಿನ ಓಣಿಗಳು ಕಾರು ಹುಟ್ಟೋಕೆ ಎಷ್ಟೋ ಮೊದಲಿನವು. 2011ರ ಜನಗಣತಿಯಲ್ಲೇ ಸುಮಾರು 70 ಸಾವಿರ ಜನ ಇದ್ದರು. ಅದರ ಮೇಲೆ ಸುತ್ತಲಿನ ಹಳ್ಳಿಯವರು ಬಟ್ಟೆಗೆ, ಬಂಗಾರಕ್ಕೆ, ಬೀಜ ಗೊಬ್ಬರಕ್ಕೆ, ದವಾಖಾನೆಗೆ ಬರೋದು ಇಲ್ಲಿಗೇ. ಪಕ್ಕದ ಹುಮನಾಬಾದಿನಲ್ಲೂ ಇದೇ ಪಾಡು. ಹೈದರಾಬಾದ್–ಪುಣೆ ಹೆದ್ದಾರಿಯ ಊರು ಬೇರೆ.

ಶುಲ್ಕ ಬೇಕು ಅನ್ನೋರೂ ಇದ್ದಾರೆ. ಅವರ ಲೆಕ್ಕ ಬಹಳ ಸರಳ: ಬೆಳಿಗ್ಗೆ ಹತ್ತೋ ಇಪ್ಪತ್ತೋ ಕೊಟ್ಟು ಒಂದು ಚೀಟಿ ಹರಿಸಿಕೊಂಡರೆ ಸಂಜೆವರೆಗೆ ಯಾರೂ ಕೇಳಬಾರದು. ನನ್ನ ಜಗಳ ಇವರ ಜೊತೆಗೇ ಜಾಸ್ತಿ.

ಯಾಕಂದರೆ ಬೆಳಿಗ್ಗೆ ಶಟರ್ ಎತ್ತೋ ಹೊತ್ತಿಗೆ ಅಂಗಡಿ ಮುಂದೆ ಬಂದು ನಿಲ್ಲೋ ಗಾಡಿ ಯಾರದು ಅಂತ ಒಮ್ಮೆ ನಿಂತು ನೋಡಿ. ಗಿರಾಕಿಯದಲ್ಲ. ಮಾಲಕರದು, ಕೆಲಸದ ಹುಡುಗರದು, ಮೇಲಿನ ಮಹಡಿಯ ಆಫೀಸಿನವರದು. ರಾತ್ರಿ ಶಟರ್ ಇಳಿಯೋವರೆಗೆ ಅವು ಅಲ್ಲಾಡಲ್ಲ. ಹನ್ನೊಂದಕ್ಕೆ ಹಳ್ಳಿಯಿಂದ ಬಂದವನು ಎರಡು ಸುತ್ತು ಹೊಡೆದು, ಕೊನೆಗೆ ಆ ಬೈಕುಗಳ ಹಿಂದೆ ಎರಡನೇ ಸಾಲಿನಲ್ಲಿ ತನ್ನದನ್ನು ಸಿಕ್ಕಿಸ್ತಾನೆ. ಅಲ್ಲಿಗೆ ರಸ್ತೆ ಮುಗೀತು. ಆಮೇಲೆ ಅದೇ ಮಾಲಕರು ಕೌಂಟರಿನಲ್ಲಿ ಕೂತು ‘ವ್ಯಾಪಾರನೇ ಇಲ್ಲರಿ, ಟ್ರಾಫಿಕ್ ನೋಡ್ರಿ’ ಅಂತಾರೆ.

ಲೆಕ್ಕ ಹಾಕಿ. ಒಂದು ಜಾಗ, ಹತ್ತು ತಾಸು. ಒಬ್ಬನೇ ನಿಲ್ಲಿಸಿದರೆ ಒಂದು ಗಾಡಿ. ಅರ್ಧ ತಾಸಿಗೊಬ್ಬರಂತೆ ಬಂದು ಹೋದರೆ ಇಪ್ಪತ್ತು ಗಿರಾಕಿ. ದಿನದ ಚೀಟಿ ಕೊಟ್ಟರೆ ಮೊದಲನೆಯವನಿಗೆ ಆ ಜಾಗವನ್ನು ಹತ್ತು ರೂಪಾಯಿಗೆ ಬರೆದುಕೊಟ್ಟ ಹಾಗೆ. ಇಷ್ಟು ದಿನ ಅವನಿಗೆ ಒಂಚೂರಾದರೂ ಅಳುಕಿತ್ತು. ಇನ್ನು ರಸೀದಿಯೇ ತೋರಿಸ್ತಾನೆ! ಇದಕ್ಕಿಂತ ಪುಕ್ಕಟೆಯೇ ವಾಸಿ.

ಜಗತ್ತಿನ ಮೊದಲ ಪಾರ್ಕಿಂಗ್ ಮೀಟರ್ ಶುರುವಾದದ್ದು 1935ರ ಜುಲೈನಲ್ಲಿ, ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿ. ಅದರ ಹಿಂದಿದ್ದ ಕಾರ್ಲ್ ಮೆಗೀ ಪತ್ರಿಕೆಯ ಮನುಷ್ಯ. ಪೇಟೆಯಲ್ಲಿ ಕೆಲಸ ಮಾಡೋರ ಕಾರುಗಳೇ ಬೆಳಿಗ್ಗೆಯಿಂದ ಸಂಜೆವರೆಗೆ ಜಾಗ ಹಿಡಿದು ಗಿರಾಕಿಗಳಿಗೆ ಎಡೆಯಿಲ್ಲ ಅನ್ನೋದು ಅಲ್ಲಿನ ವ್ಯಾಪಾರಿಗಳ ದೂರಾಗಿತ್ತು. ಅಂದರೆ ಈ ಶುಲ್ಕ ಹುಟ್ಟಿದ್ದೇ ಅಂಗಡಿಯವರ ಹಿತಕ್ಕೆ. ನಮ್ಮಲ್ಲಿ ಉಲ್ಟಾ. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಪಾಲಿಕೆ ಶುಲ್ಕದ ಮಾತೆತ್ತಿದಾಗ ಮೊದಲು ಎದ್ದು ನಿಂತವರು ವ್ಯಾಪಾರಿಗಳೇ.

ಅವರ ಸಿಟ್ಟಿಗೆ ಕಾರಣ ಇಲ್ಲದಿಲ್ಲ. ಗುತ್ತಿಗೆದಾರನ ಕೈಗೆ ಚೀಟಿ ಪುಸ್ತಕ ಕೊಟ್ಟರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಚೀಟಿಯಲ್ಲಿ ಐದು, ಬಾಯಲ್ಲಿ ಹದಿನೈದು, ಕೇಳಿದರೆ ನಾಲ್ಕು ಜನ ಸುತ್ತುವರೀತಾರೆ. ಬೆಂಗಳೂರಿನಲ್ಲಿ ಹಿಂದೆ ಇದ್ದ ಪೇ ಅಂಡ್ ಪಾರ್ಕ್ ರದ್ದಾಗಿ, ಎಷ್ಟೋ ವರ್ಷ ರಸ್ತೆಬದಿ ಪುಕ್ಕಟೆಯಾಗಿತ್ತು. 2020ರಲ್ಲಿ ಕಸ್ತೂರ್‌ಬಾ ರಸ್ತೆಯಂಥ ಕಡೆ ಮತ್ತೆ ಶುರು ಮಾಡಿದಾಗ ಮೀಟರು ಬಂತು, ತಾಸಿನ ಲೆಕ್ಕ ಬಂತು. ಅದರ ತುಂಬ ತೂತುಗಳಿವೆ, ಇರಲಿ. ತಾಸಿನ ಲೆಕ್ಕ ಮಾತ್ರ ಸರಿ.

‘ಗಾಡಿ ತಗೊಳ್ಳುವಾಗಲೇ ಟ್ಯಾಕ್ಸ್ ಕಟ್ಟೀನಲ್ರಿ, ಮತ್ಯಾಕ?’ ಅಂತ ಕೇಳ್ತಾರೆ. ಆ ಲೈಫ್‌ಟೈಮ್ ಟ್ಯಾಕ್ಸು ಆರ್‌ಟಿಒ ಮೂಲಕ ರಾಜ್ಯ ಸರ್ಕಾರಕ್ಕೆ ಹೋಗುತ್ತೆ. ಪೇಟೆ ಬೀದಿ ಗುಡಿಸೋದು, ಚರಂಡಿ ಎತ್ತೋದು ನಗರಸಭೆ. ಅದಕ್ಕಿಂತ ಮುಖ್ಯ, ಅದು ಗಾಡಿ ಓಡಿಸೋಕೆ ಕಟ್ಟಿದ್ದು. ಪೇಟೆಯ ಹನ್ನೆರಡು ಚದರ ಮೀಟರ್ ನೆಲವನ್ನು ದಿನವಿಡೀ ಮುಚ್ಚಿಡೋಕೆ ಕಟ್ಟಿದ್ದಲ್ಲ. ಒಂದು ಕಾರು ನಿಲ್ಲೋಕೆ ಸುಮಾರು ಅಷ್ಟು ಜಾಗ ಬೇಕು. ಅದೇ ರಸ್ತೆಯಲ್ಲಿ ಗೋಣಿಚೀಲ ಹಾಸಿ ಕೊತ್ತಂಬರಿ, ಮೆಂತ್ಯೆ ಮಾರೋ ಅವ್ವನಿಗೆ ಒಂದು ಮೀಟರ್ ಸಾಕು. ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಆಕೆ ಆ ಒಂದು ಮೀಟರಿಗೆ ದಿನಾ ಸುಂಕ ಕೊಡ್ತಾಳೆ. ಪೊಲೀಸರು ಬಂದರೆ ಗಂಟುಮೂಟೆ ಕಟ್ಟಿಕೊಂಡು ಓಡೋದೂ ಆಕೆಯೇ. ಪಕ್ಕದಲ್ಲಿ ನಿಂತ ಎಸ್‌ಯುವಿಗೆ ಸುಂಕವೂ ಇಲ್ಲ, ಓಟವೂ ಇಲ್ಲ. ಬಸವಣ್ಣನ ಊರಲ್ಲಿ ಇದು ನಡೀತಿದ್ದರೆ ನಾಚಿಕೆ ಆಗಬೇಕಾದದ್ದು ಯಾರಿಗೆ?

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ: ಪಾರ್ಕಿಂಗ್ ಶುಲ್ಕ ಆ ನೆಲದ ಬೆಲೆಗೆ ತಕ್ಕಂತಿರಬೇಕು ಅಂತ. ಕಾಗದದ ಮೇಲೆ ಎಲ್ಲ ಇದೆ.

ನಾನು ಕೇಳ್ತಿರೋದು ಇಷ್ಟು. ಪೇಟೆಯ ನಡುವೆ ಬೈಕಿಗೆ ಮೊದಲ ಅರ್ಧ ತಾಸು ಪುಕ್ಕಟೆ ಇರಲಿ. ಔಷಧಿ ತಗೊಳ್ಳೋಕೆ ಬಂದವನ ಹತ್ತಿರ ಐದು ರೂಪಾಯಿ ಕಿತ್ತುಕೊಳ್ಳೋದು ಬೇಡ. ಆಮೇಲೆ ತಾಸು ಏರಿದಂತೆ ದರವೂ ಏರಲಿ, ನಾಲ್ಕನೇ ತಾಸಿಗೆ ಉರಿ ಹತ್ತೋ ಹಾಗಿರಲಿ. ದಿನಪೂರ್ತಿ ನಿಲ್ಲಿಸೋರಿಗೆ ಊರಂಚಿನ ಬಯಲಲ್ಲಿ ಜಾಗ ಕೊಡಿ, ಪುಕ್ಕಟೆಯಾಗೇ ಕೊಡಿ. ಮಾಲಕರು ಹತ್ತು ನಿಮಿಷ ನಡೀಲಿ, ಶುಗರ್ರೂ ಇಳಿಯುತ್ತೆ. ಕಾಲಿಲ್ಲದವರು, ವಯಸ್ಸಾದವರ ಗಾಡಿಗೆ ಬೇರೆ ಗುರುತು ಹಾಕಿ. ಬಂದ ದುಡ್ಡು ಅದೇ ಬೀದಿಯ ಫುಟ್‌ಪಾತಿಗೆ, ಶೌಚಾಲಯಕ್ಕೆ ಹೋಗಲಿ; ಲೆಕ್ಕವನ್ನು ಪ್ರತಿ ತಿಂಗಳು ನಗರಸಭೆ ಬೋರ್ಡಿನ ಮೇಲೆ ಹಚ್ಚಲಿ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದವರು 1993ರಲ್ಲಿ ಹಳೇ ಪೇಟೆಗೆ ಮೀಟರ್ ಹಾಕಿದಾಗ ಅಂಗಡಿಯವರನ್ನು ಒಪ್ಪಿಸಿದ್ದು ಇದೇ ಮಾತಿನಿಂದ: ನಿಮ್ಮ ಬೀದಿಯ ದುಡ್ಡು ನಿಮ್ಮ ಬೀದಿಗೇ.

ಇನ್ನು ನನ್ನ ವಾರಿಗೆಯವರು, ಬೆಂಗಳೂರು, ಹೈದರಾಬಾದ್, ಪುಣೆಗಳ ಕಂಪನಿ ಮಂದಿ. ಮಾಲಿನ ಬೇಸ್‌ಮೆಂಟಿನಲ್ಲಿ ತಾಸಿನ ಲೆಕ್ಕದಲ್ಲಿ ತುಟಿ ಪಿಟಕ್ಕೆನ್ನದೆ ಫೋನಲ್ಲೇ ದುಡ್ಡು ಕಳಿಸ್ತೀರಿ. ದೀಪಾವಳಿಗೆ ಕಾರು ತಗೊಂಡು ಊರಿಗೆ ಹೋಗಿ, ಬಂಗಾರದಂಗಡಿ ಬಾಗಿಲಿಗೇ ಅದನ್ನು ಒತ್ತಿ ನಿಲ್ಲಿಸಿ, ಎರಡು ತಾಸು ಚಹಾ ಕುಡೀತೀರಿ. ಈ ಸಲ ಹೋದಾಗ ಗೆದ್ದು ಬಂದ ನಿಮ್ಮ ವಾರ್ಡಿನ ಸದಸ್ಯರನ್ನು ಹಿಡಿದು, ತಾಸಿನ ದರ ಯಾವಾಗಿಂದ ಅಂತ ಕೇಳಿ. ದಿನದ ಚೀಟಿ ಅಂದರೆ ಆಗಲ್ಲ ಅನ್ನಿ.