ಹಗ್ಗದ ಓಟಕ್ಕೆ ಹಗ್ಗದ ಬಹುಮಾನ

ವಿಡಿಯೊ ಗೇಮೊಂದನ್ನು ಅತಿ ಕಡಿಮೆ ಹೊತ್ತಿನಲ್ಲಿ ಮುಗಿಸುವ ಪಂದ್ಯವೇ ಸ್ಪೀಡ್‌ರನ್. ದೇಶಪಾಂಡೆ ನಗರದ ಸವಾಯಿ ಗಂಧರ್ವ ಸಭಾಂಗಣದಲ್ಲಿ ಕೂತು ಸಂಗೀತ ಕೇಳಿದ ನನ್ನ ವಾರಿಗೆಯವರಿಗೆ ಇದು ಬರೀ ಹುಡುಗಾಟ. ಆಡುವ ಹುಡುಗರಿಗೆ ಹಾಗಲ್ಲ. ಅವರಲ್ಲಿ ಮುಗಿಯದ ಜಗಳವೊಂದಿದೆ: ತಿದ್ದಿದ ಗೇಮ್, ಅಂದರೆ ಮಾಡ್ ಹಾಕಿದ್ದು, ಪಂದ್ಯಕ್ಕೆ ನಡೆಯುತ್ತದೋ ಇಲ್ಲವೋ?

ನಡೆಯಕೂಡದು ಎನ್ನುವವರ ಕೈಯಲ್ಲಿ ಬಲವಾದ ಸಾಕ್ಷಿಯಿದೆ. 2020ರಲ್ಲಿ ಡ್ರೀಮ್ ಎಂಬ ಹೆಸರಾಂತ ಆಟಗಾರನ ಮೈನ್‌ಕ್ರಾಫ್ಟ್ ಓಟಗಳನ್ನು ಪರಿಶೀಲಕರು ಲೆಕ್ಕ ಹಾಕಿದರು. 262 ವಿನಿಮಯಗಳಲ್ಲಿ 42 ಸಲ ಬೇಕಾದ ಮುತ್ತು ಸಿಕ್ಕಿತ್ತು. ಗೇಮಿನ ಲೆಕ್ಕದಲ್ಲಿ ಸಿಗಬೇಕಾದದ್ದು ಸುಮಾರು 12 ಸಲ. ಓಟವನ್ನು ತಿರಸ್ಕರಿಸಲಾಯಿತು. ತನಗೆ ಅರಿವಿಲ್ಲದೆ ಮಾಡ್ ಉಳಿದಿತ್ತೆಂದು ಮರುವರ್ಷ ಅವನೇ ಹೇಳಿದ.

ಸರಿ, ಆದರೆ ಇಲ್ಲಿ ಕೆಟ್ಟದ್ದು ಯಾವುದು? ತಿದ್ದುಪಡಿಯಲ್ಲ, ತಿದ್ದಿದ ಓಟ ತಿದ್ದದವರ ಪಟ್ಟಿಯಲ್ಲಿ ಕೂತದ್ದು. ಅದೇ ಮೈನ್‌ಕ್ರಾಫ್ಟ್ ಪಂದ್ಯದಲ್ಲಿ ಸೋಡಿಯಂ ಎಂಬ ಮಾಡ್‌ಗೆ ಒಪ್ಪಿಗೆಯಿದೆ. ಅದು ಅದೃಷ್ಟವನ್ನು ಮುಟ್ಟುವುದಿಲ್ಲ, ಪರದೆಯ ಮೇಲೆ ಚಿತ್ರ ಮೂಡಿಸುವ ಕೆಲಸವನ್ನು ಹಗುರ ಮಾಡುತ್ತದೆ. ಹಳೆಯ ಲ್ಯಾಪ್‌ಟಾಪಿನ ಹುಡುಗನೂ ತಡವರಿಸದೆ ಆಡಬಹುದು. ಮೂಲದ ಹೆಸರಿನಲ್ಲಿ ಇದನ್ನೂ ನಿಷೇಧಿಸಿದರೆ ಗೆಲ್ಲುವುದು ಬೆರಳಲ್ಲ, ಅಪ್ಪನ ಕಿಸೆ.

ಈ ಗಂಟನ್ನು ನಮ್ಮ ಕರಾವಳಿಯ ಕಂಬಳ ಬಿಡಿಸಿಟ್ಟಿದೆ. ಕೋಣಗಳಿಗೆ ಕಟ್ಟಿದ್ದೇನು ಎಂಬುದರ ಮೇಲೆ ಅಲ್ಲಿ ವಿಭಾಗಗಳಿವೆ: ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ. ಕನೆ ಹಲಗೆಯಲ್ಲಿ ವೇಗವನ್ನೇ ಅಳೆಯುವುದಿಲ್ಲ, ನೀರು ಎಷ್ಟೆತ್ತರ ಚಿಮ್ಮಿತು ನೋಡುತ್ತಾರೆ. ಹಗ್ಗದವನು ನೇಗಿಲಿನವನಿಗೆ ಮೋಸ ಮಾಡಿದ ಅಂತ ಯಾರೂ ಕೂಗುವುದಿಲ್ಲ.

ಗಲಾಟೆಯಾದದ್ದು ನಾವು ಗೆರೆ ಅಳಿಸಿದಾಗ. 2020ರ ಫೆಬ್ರುವರಿಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕೆರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ದೇಶವೆಲ್ಲ ಅದನ್ನು 100 ಮೀಟರಿಗೆ ಇಳಿಸಿ 9.55 ಮಾಡಿ, ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟಿತು. ಕೋಣಗಳ ಎಳೆತವೂ ಕೆಸರಿನ ತಡೆಯೂ ಲೆಕ್ಕದಿಂದ ಮಾಯ! ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಗೌಡರು ಹೋಗಲಿಲ್ಲ. ವಿವೇಕ ಅವರಲ್ಲಿತ್ತು, ನಮ್ಮಲ್ಲಿರಲಿಲ್ಲ.

ಆದ್ದರಿಂದ ಮಾಡ್‌ಗೆ ಬಾಗಿಲು ತೆರೆಯಲಿ, ಮೂರು ಷರತ್ತಿನ ಮೇಲೆ. ಮಾಡ್ ಯಾವುದೆಂದು ಮೊದಲೇ ಹೇಳಬೇಕು. ಅದೇ ಫೈಲು ಎಲ್ಲರಿಗೂ ಪುಕ್ಕಟೆ ಸಿಗಬೇಕು. ಆಟದ ಫಲವನ್ನು ಬದಲಿಸುವಂಥದಾದರೆ ಅದಕ್ಕೆ ಬೇರೆಯೇ ಪಟ್ಟಿ ಇರಬೇಕು. ಪಟ್ಟಿ ಹೆಚ್ಚಾದರೆ ದಾಖಲೆ ಅಗ್ಗವಾಗುತ್ತದೆ ಎನ್ನುವವರು ಒಮ್ಮೆ ಕಂಬಳಕ್ಕೆ ಹೋಗಿ, ಕನೆ ಹಲಗೆಯಲ್ಲಿ ಗೆದ್ದವನಿಗೆ ಆ ಮಾತು ಹೇಳಿ ನೋಡಲಿ.