ಮನೆಗೆ ಬರುವ ಆರೈಕೆ

ಕಳೆದ ಕಾರ್ತಿಕ ಮಾಸದಲ್ಲಿ ಸಾಗರದಿಂದ ಒಬ್ಬ ತಾಯಿ ನಮ್ಮನ್ನು ಕಾಣಲು ಬಂದಿದ್ದರು. ಅವರು ದಾದಿಯ ಶಿಕ್ಷಣ ಪಡೆದು ಬಹುಕಾಲ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದವರು. ಈಗ ಕೆಲವು ವರ್ಷಗಳಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹಾಸಿಗೆ ಹಿಡಿದ ವೃದ್ಧರ ಮನೆಗಳಿಗೆ ಆರೈಕೆಯ ಜನರನ್ನು ಕಳುಹಿಸಿಕೊಡುವ ಒಂದು ಚಿಕ್ಕ ಸಂಸ್ಥೆಯನ್ನು ನಡೆಸುತ್ತಿದ್ದಾರೆ. ಕೈಯಲ್ಲಿದ್ದ ಹಣ್ಣಿನ ಚೀಲವನ್ನು ಪಕ್ಕಕ್ಕಿಟ್ಟು ಅವರು ಹೇಳಿದರು: "ಶಾಸ್ತ್ರಿಗಳೇ, ಬರುವ ಯುಗಾದಿಯವರೆಗೆ ಇದನ್ನು ನಡೆಸಿಕೊಂಡು ಹೋಗುತ್ತೇನೋ ಇಲ್ಲವೋ ನನಗೇ ತಿಳಿಯದು. ನಾನು ಜನ ಕಳುಹಿಸುವ ಮನೆಗಳಲ್ಲಿ ನಿಮ್ಮ ಅಂಕಣ ಓದುತ್ತಾರೆ. ಒಂದು ಮಾತು ಬರೆಯಬೇಕು." ಆ ಮಾತು ಯಾವುದೆಂಬುದನ್ನು ಮುಂದೆ ನಿವೇದಿಸುತ್ತೇವೆ. ಮೊದಲು ಅವರ ಕಷ್ಟವನ್ನು ಅರಿಯೋಣ.

ಈ ಸೀಮೆಯ ಮನೆಗಳನ್ನು ಬಲ್ಲವರಿಗೆ ವಿವರಿಸಬೇಕಾದುದಿಲ್ಲ. ಒಂದು ಕಾಲಕ್ಕೆ ಇಪ್ಪತ್ತು ಜನ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುತ್ತಿದ್ದ ಜಗಲಿಯ ಮೇಲೆ ಈಗ ಅಜ್ಜ ಅಜ್ಜಿ ಇಬ್ಬರೇ ಇದ್ದಾರೆ. ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ. ತೋಟವನ್ನು ಗುತ್ತಿಗೆಗೆ ಕೊಟ್ಟಾಗಿದೆ. ಹಣಕ್ಕೆ ಕೊರತೆಯಿಲ್ಲ, ತಿಂಗಳು ತಿಂಗಳೂ ಬ್ಯಾಂಕಿಗೆ ಬಂದು ಬೀಳುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಅಜ್ಜನನ್ನು ಮಗ್ಗುಲು ಹೊರಳಿಸಲು ಬ್ಯಾಂಕು ಬರುವುದಿಲ್ಲ. 2011ರ ಜನಗಣತಿಯ ಹೊತ್ತಿಗೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಮಿಗಿಲಾಗಿದ್ದರು. ನಾವೂ ಈಗ ಆ ಲೆಕ್ಕಕ್ಕೆ ಸೇರಿದವರೇ.

ಆ ತಾಯಿ ಹೇಳಿದ ಮೊದಲ ಕಷ್ಟ ದಾರಿಯದು. ಮಲೆನಾಡಿನಲ್ಲಿ ಊರೆಂದರೆ ಬೀದಿಯಲ್ಲ. ಗುಡ್ಡಕ್ಕೊಂದು ಮನೆ, ಕಣಿವೆಗೊಂದು ಮನೆ. ಬಸ್ಸಿಳಿದು ಎರಡು ಮೈಲಿ ನಡೆದು, ಕಾಲುಸಂಕ ದಾಟಿ ಹೋಗಬೇಕಾದ ಮನೆಗೆ ಇಪ್ಪತ್ತೆರಡು ವರ್ಷದ ಹೆಣ್ಣುಮಗಳನ್ನು ಒಬ್ಬಳನ್ನೇ ಕಳುಹಿಸುವಾಗ ಅವಳ ತಾಯಿಗೆ ಏನೆಂದು ಧೈರ್ಯ ಹೇಳುವುದು? ಎಷ್ಟೋ ಮನೆಗಳಲ್ಲಿ ಮೊಬೈಲಿಗೆ ಸಿಗ್ನಲ್ಲೇ ಇಲ್ಲ. ಮನೆ ಮುಂದಿನ ದಿಬ್ಬ ಹತ್ತಿ ಮಾತನಾಡಬೇಕು. ಆಗುಂಬೆಯ ಆಸುಪಾಸಿನ ಮಳೆಯನ್ನು ಕಂಡವರಿಗೆ ಗೊತ್ತು, ಮರವೊಂದು ತಂತಿಯ ಮೇಲೆ ಬಿದ್ದರೆ ನಾಲ್ಕು ದಿನ ವಿದ್ಯುತ್ತಿಲ್ಲ. ಆಮ್ಲಜನಕದ ಯಂತ್ರವನ್ನೂ ಗಾಳಿಹಾಸಿಗೆಯನ್ನೂ ನಂಬಿ ಮಲಗಿರುವ ರೋಗಿಗೆ ಆ ನಾಲ್ಕು ದಿನಗಳೆಂದರೆ ಏನು! ಆದುದರಿಂದ ಇವರು ಮನೆಯನ್ನು ಒಪ್ಪಿಕೊಳ್ಳುವ ಮುನ್ನ ರೋಗಿಯ ಸ್ಥಿತಿಯನ್ನು ಕೇಳುವಷ್ಟೇ ಸಾವಧಾನದಿಂದ ಜನರೇಟರ್ ಇದೆಯೇ, ಜೀಪು ಅಂಗಳದವರೆಗೆ ಬರುತ್ತದೆಯೇ ಎಂದು ಕೇಳುತ್ತಾರಂತೆ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಮೇಲೆ ಶರಾವತಿಯ ಹಿನ್ನೀರಿನ ಆಚೆಗೆ ಉಳಿದ ತುಮರಿ ಭಾಗದ ಜನರ ಬವಣೆಯನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಸಂಜೆ ಲಾಂಚು ನಿಂತರೆ ಬೆಳಗಿನವರೆಗೆ ಆಚೆಯವರು ಆಚೆ, ಈಚೆಯವರು ಈಚೆ. 2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿ ನಡುವಣ ಸೇತುವೆ ಲೋಕಾರ್ಪಣೆಗೊಂಡ ಮೇಲೆ ಆ ದಿಕ್ಕಿಗೆ ಜನ ಕಳುಹಿಸುವುದು ಸುಲಭವಾಯಿತೆಂದು ಆ ತಾಯಿ ಸಂತೋಷಪಟ್ಟರು. ಇಷ್ಟು ವರ್ಷದ ಅವರ ಲೆಕ್ಕದ ಪುಸ್ತಕದಲ್ಲಿ ಸಂತೋಷದ ಪುಟ ಅದೊಂದೇ ಇರಬಹುದು.

ಎರಡನೆಯದು ಜನರದು. ಅಡಿಕೆ ಕೊಯ್ಲು ಆರಂಭವಾಯಿತೆಂದರೆ ಇವರ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಜನ ಅಡಿಕೆ ಸುಲಿಯಲು ಹೊರಟುಬಿಡುತ್ತಾರೆ. ಅವರನ್ನು ದೂಷಿಸಲಾಗದು. ಅಲ್ಲಿ ಸುಲಿದಷ್ಟಕ್ಕೆ ಕೂಲಿ. ನಾಲ್ಕು ಜನರೊಡನೆ ಮಾತು, ಹಾಡು. ರಾತ್ರಿ ತಮ್ಮ ಮನೆಯಲ್ಲೇ ನಿದ್ರೆ. ಇಲ್ಲಿಯಾದರೋ ಮೂತ್ರದ ನಳಿಕೆ, ಕಫ, ದುರ್ಗಂಧ, ನರಳಾಟ. ಬೇಸಿಗೆ ಬಂದರೆ ಮಂಗನ ಕಾಯಿಲೆಯ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ಜ್ವರ 2018ರ ಕೊನೆಯಿಂದ ಮರುವರ್ಷದವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವರ ಪ್ರಾಣ ತೆಗೆದುದು ಯಾರಿಗೂ ಮರೆತಿಲ್ಲ. ಉಣ್ಣೆ ಕಚ್ಚದಿರಲು ಮೈಗೆ ಹಚ್ಚುವ ಎಣ್ಣೆಯನ್ನು ಕೊಟ್ಟು, ತುಂಬುತೋಳಿನ ಅಂಗಿ ತೊಡಿಸಿ ಕಳುಹಿಸಿದರೂ ಕಾಡುದಾರಿಯಲ್ಲಿ ಮಂಗ ಸತ್ತಿದೆಯೆಂಬ ಸುದ್ದಿ ಬಂದರೆ ಮರುದಿನ ಯಾರೂ ಬರುವುದಿಲ್ಲ. ತರಬೇತಿ ಕೊಟ್ಟು ಪಳಗಿಸಿದವರು ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೆ ಹೋಗುತ್ತಾರೆ. ಅದನ್ನು ಹೇಳುವಾಗ ಆ ತಾಯಿ ನಕ್ಕರು. ಆ ನಗು ನಮಗೆ ಹಿಡಿಸಲಿಲ್ಲ.

ಇನ್ನು ಹಣದ ಮಾತು. ಒಬ್ಬ ರೋಗಿಯ ಬಳಿ ಹಗಲಿರುಳೂ ಜನರಿರಬೇಕೆಂದರೆ ವಾರಕ್ಕೆ 168 ಗಂಟೆ. ದಿನಕ್ಕೆ 12 ಗಂಟೆಯಂತೆ ವಾರಕ್ಕೆ ಆರು ದಿನ ದುಡಿದರೂ ಒಬ್ಬರಿಂದ 72 ಗಂಟೆಯಷ್ಟೇ. ಅಂದರೆ ಇಬ್ಬರಿಂದ ಸಾಲದು, ಮೂರನೆಯವರು ಬೇಕು. ಮೂವರ ಸಂಬಳ ಕೊಡಲು ಯಾವ ಮನೆಯವರೂ ಒಪ್ಪರು. ಆದುದರಿಂದ ಒಬ್ಬಳೇ ಮನೆಯಲ್ಲಿ ಉಳಿದು ಹಗಲಿರುಳು ನೋಡಿಕೊಳ್ಳುವ ಪದ್ಧತಿ ಬಂದಿದೆ. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ರೋಗಿಯನ್ನು ಹೊರಳಿಸಿದವಳು ಹಗಲು ಯಾವಾಗ ಮಲಗಬೇಕು? ಹಗಲು ಮಲಗಿದರೆ "ಸಂಬಳ ಕೊಟ್ಟು ನಿದ್ದೆ ಮಾಡಿಸುತ್ತಿದ್ದೇವೆ" ಎಂಬ ಮಾತು ಕೇಳಬೇಕು. ಕೆಲವು ಮನೆಗಳಲ್ಲಿ ಅವಳಿಂದ ಪಾತ್ರೆ ತೊಳೆಸುತ್ತಾರೆ, ಕೊಟ್ಟಿಗೆ ಬಾಚಿಸುತ್ತಾರೆ. ಇನ್ನು ಕೆಲವರು ಇಂಜೆಕ್ಷನ್ ಕೊಡು ಎಂದು ಒತ್ತಾಯಿಸುತ್ತಾರೆ. ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿತಳಾದ ದಾದಿ ಬೇರೆ, ಮೈತೊಳೆದು ಉಣಿಸಿ ಹೊರಳಿಸುವ ಆರೈಕೆಯವಳು ಬೇರೆ ಎಂಬ ಭೇದ ನಮ್ಮ ಜನಕ್ಕೆ ಇನ್ನೂ ತಿಳಿದಿಲ್ಲ. ಸರಕಾರದ ವಿಮೆಯ ನೆರವೂ ಇಲ್ಲಿಗೆ ಬಾರದು. 2024ರಲ್ಲಿ ಎಪ್ಪತ್ತು ದಾಟಿದವರಿಗೆಲ್ಲ ವಿಸ್ತರಿಸಲ್ಪಟ್ಟ ಆಯುಷ್ಮಾನ್ ಯೋಜನೆಯೂ ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗಾಗಿಯೇ ಹೊರತು ಮನೆಯ ಮಂಚಕ್ಕಲ್ಲ.

ಇಷ್ಟನ್ನು ಕೇಳಿದ ಮೇಲೆ ನಾವು, "ತಾಯಿ, ಇವೆಲ್ಲಕ್ಕಿಂತ ನಿಮ್ಮನ್ನು ಹೆಚ್ಚು ನೋಯಿಸಿದುದು ಯಾವುದು?" ಎಂದು ಕೇಳಿದೆವು. ಅವರು ತುಸು ಹೊತ್ತು ಸುಮ್ಮನಿದ್ದು, "ನಿಮ್ಮ ಅಕ್ಕನವರ ಮನೆಯದು" ಎಂದರು.

ನಮಗೆ ಮಾತೇ ಹೊರಡಲಿಲ್ಲ. ಆ ವೃತ್ತಾಂತವನ್ನು ಮುಚ್ಚಿಡದೆ ಇಲ್ಲಿ ಹೇಳಬೇಕಾಗಿದೆ.

ನಮ್ಮ ಅಕ್ಕ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. ಎರಡು ವರ್ಷಗಳ ಹಿಂದೆ ಲಕ್ವ ಹೊಡೆದು ಎಡಮೈ ಬಿದ್ದುಹೋಯಿತು. ಶಿವಮೊಗ್ಗದಲ್ಲಿ ಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ ಈ ಸಂಸ್ಥೆಯಿಂದಲೇ ಒಬ್ಬ ಹುಡುಗಿಯನ್ನು ಗೊತ್ತುಮಾಡಲಾಯಿತು. ಹುಡುಗಿ ಬಲು ಚುರುಕು. ಹೊತ್ತಿಗೆ ಸರಿಯಾಗಿ ಹೊರಳಿಸುವಳು. ತಲೆದಿಂಬು ಎತ್ತರಿಸಿ, ಗಂಜಿ ಗಂಟಲಿಗೆ ಹತ್ತದಂತೆ ನಿಧಾನವಾಗಿ ಉಣಿಸುವಳು. ಮೂರು ತಿಂಗಳಲ್ಲಿ ಅಕ್ಕನ ಮೈಮೇಲೆ ಒಂದು ಕೆಂಪು ಕಲೆಯೂ ಏಳಲಿಲ್ಲ. ಆದರೆ ಅಕ್ಕನಿಗೆ ಒಂದು ಕೊರಗಿತ್ತು. ಐವತ್ತು ವರ್ಷ ತಪ್ಪದೆ ನಡೆಸಿದ ಲಿಂಗಪೂಜೆ ನಿಂತುಹೋಗಿತ್ತು; ಎಡಗೈ ಮೇಲೇಳುತ್ತಿರಲಿಲ್ಲ. ಅದನ್ನು ಗಮನಿಸಿದ ಆ ಹುಡುಗಿ ಒಂದು ಬೆಳಿಗ್ಗೆ ಮೈ ಒರೆಸಿ, ಶುಚಿಯಾದ ಸೀರೆ ಉಡಿಸಿ, ಅಕ್ಕನ ಎಡ ಅಂಗೈಯ ಕೆಳಗೆ ತನ್ನ ಅಂಗೈಯನ್ನು ಆಸರೆಯಾಗಿ ಹಿಡಿದಳು. ಅಕ್ಕ ಬಲಗೈಯಿಂದ ವಿಭೂತಿ ಧರಿಸಿ, ಪತ್ರೆ ಏರಿಸಿ ಪೂಜೆ ಮಾಡಿಕೊಂಡರು. ಅಂದಿನಿಂದ ಅದು ನಿತ್ಯದ ನೇಮವಾಯಿತು.

ಕೆಲವು ದಿನಗಳ ಮೇಲೆ ಬಂಧುಗಳು ನೋಡಲು ಬಂದರು. ಯಾರ ಮನೆಯ ಹುಡುಗಿ, ಯಾವ ಜಾತಿ, ಅವಳ ಕೈ ಅಲ್ಲಿಗೇಕೆ ಎಂದು ವಿಚಾರಣೆ ನಡೆಯಿತು. ಅಕ್ಕನ ಸೊಸೆ ಅಂಜಿಕೊಂಡು ನಮಗೆ ಫೋನು ಮಾಡಿ, "ಮಾವನವರೇ, ನೀವು ಶಾಸ್ತ್ರ ಬಲ್ಲವರು, ಏನು ಮಾಡಲಿ?" ಎಂದು ಕೇಳಿದಳು. ಆಗ ನಾವು ಏನು ಹೇಳಬೇಕಿತ್ತು? ಮಠದಲ್ಲಿ ಹನ್ನೆರಡು ವರ್ಷ ಶರಣರ ನಡೆನುಡಿಯನ್ನು ಅಭ್ಯಸಿಸಿದವರು ನಾವು. ಹರಳಯ್ಯ ಮಧುವಯ್ಯರ ಸಂಬಂಧವನ್ನು ಕುರಿತು ಎಷ್ಟು ವೇದಿಕೆಗಳಲ್ಲಿ ಪ್ರವಚನ ಮಾಡಿದ್ದೇವೋ ಲೆಕ್ಕವಿಲ್ಲ. ಆದರೂ ಆ ದಿನ, "ಮನೆಯ ಹಿರಿಯರು ಹೇಳಿದಂತೆ ನಡೆದುಕೊಳ್ಳಮ್ಮ" ಎಂದುಬಿಟ್ಟೆವು. ಯಾವುದೋ ಸಭೆಗೆ ಹೊರಡುವ ಅವಸರವಿತ್ತೆಂಬುದು ನಿಜ. ಬಂಧುಗಳ ಮುನಿಸಿಗೆ ಅಂಜಿದೆವೆಂಬುದು ಅದಕ್ಕಿಂತ ನಿಜ.

ಮರುದಿನದಿಂದ ಹುಡುಗಿಗೆ ಬೇರೆ ಲೋಟ, ಬೇರೆ ತಟ್ಟೆ. ಊಟ ಹಿತ್ತಿಲ ಕಟ್ಟೆಯ ಮೇಲೆ. ಅವಳು ವಾರ ನೋಡಿ, ಯಾರನ್ನೂ ಬೈಯದೆ ಬಸ್ಸು ಹತ್ತಿದಳು. ಬದಲಿ ಜನ ಕೂಡಲೇ ದೊರೆಯಲಿಲ್ಲ, ಅಡಿಕೆ ಸುಗ್ಗಿ. ಹದಿನೈದು ದಿನಗಳಲ್ಲಿ ಅಕ್ಕನ ಸೊಂಟದ ಕೆಳಗೆ ಹಾಸಿಗೆಹುಣ್ಣು ಎದ್ದು, ಮೂಳೆ ಕಾಣುವವರೆಗೆ ಹೋಯಿತು. ಅದು ಮಾಯಲು ಐದು ತಿಂಗಳು ಬೇಕಾಯಿತು.

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ವರ್ತಕ ವಿಲಿಯಂ ರಾತ್‌ಬೋನ್ 1859ರಲ್ಲಿ ತನ್ನ ಪತ್ನಿ ತೀರಿಕೊಂಡ ಮೇಲೆ, ಆಕೆಯ ಶುಶ್ರೂಷೆ ಮಾಡಿದ್ದ ಮೇರಿ ರಾಬಿನ್ಸನ್ ಎಂಬ ದಾದಿಯನ್ನು ಬಡವರ ಮನೆಗಳಿಗೆ ಕಳುಹಿಸಿದನೆಂದೂ, ಆಕೆ ಒಂದು ತಿಂಗಳಲ್ಲಿ ಆ ದೈನ್ಯವನ್ನು ಸಹಿಸಲಾರದೆ ಅಳುತ್ತ ಮರಳಿದಳೆಂದೂ ಓದಿದ್ದೇವೆ. ಅವನು ಧೈರ್ಯ ಹೇಳಿ ಮತ್ತೆ ಕಳುಹಿಸಿದ. ಮನೆಮನೆಗೆ ಹೋಗುವ ದಾದಿಯರ ವ್ಯವಸ್ಥೆ ಅಲ್ಲಿಂದ ಬೆಳೆಯಿತು. ನಮ್ಮ ನೆರೆಯ ಕೇರಳದಲ್ಲಿ 2008ರಲ್ಲಿ ಸರಕಾರವೇ ಉಪಶಾಮಕ ಆರೈಕೆಯ ನೀತಿಯನ್ನು ಘೋಷಿಸಿತು. ಸ್ಥಳೀಯ ಪಂಚಾಯಿತಿಯ ದಾದಿಯರು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ, ಜೊತೆಗೆ ಊರಿನ ಸ್ವಯಂಸೇವಕರೂ ಇರುತ್ತಾರೆ. ಮೇರಿ ಅತ್ತು ಬಂದುದು ರೋಗಿಗಳ ದೈನ್ಯವನ್ನು ಕಂಡು. ನಮ್ಮ ಹುಡುಗಿಗಾದುದು ಬೇರೆ.

ಆ ತಾಯಿ ಬರೆಯಬೇಕೆಂದು ಕೇಳಿದ ಮಾತು ಇದು: "ನನ್ನ ಹುಡುಗಿಯರು ನಿಮ್ಮ ತಂದೆತಾಯಿಯರ ಮಲಮೂತ್ರ ಬಾಚುತ್ತಾರೆ. ಅವರ ಜಾತಿ ಕೇಳಬೇಡಿ. ಒಳಗೆ ಕೂರಿಸಿ ಊಟ ಹಾಕಿ. ರಾತ್ರಿ ಎದ್ದಿದ್ದವರಿಗೆ ಹಗಲು ನಾಲ್ಕು ಗಂಟೆ ನಿದ್ರೆ ಕೊಡಿ." ಸಂಬಳ ಹೆಚ್ಚಿಸಿರೆಂದು ಅವರು ಬರೆಯಿಸಲಿಲ್ಲ. ಅದನ್ನು ನಾವೇ ಸೇರಿಸುತ್ತಿದ್ದೇವೆ.

ಮಠದ ಹಿಂಭಾಗದ ಪ್ರಸಾದ ನಿಲಯದ ಒಂದು ಕೊಠಡಿಯನ್ನು ವಾರಕ್ಕೆರಡು ದಿನ ಅವರ ತರಬೇತಿಗೆ ಬಿಟ್ಟುಕೊಡಬೇಕೆಂದು ನಾವು ಪೂಜ್ಯರಲ್ಲಿ ಬಿನ್ನವಿಸಿಕೊಂಡೆವು, ಅಪ್ಪಣೆಯಾಗಿದೆ. ಒಂದು ಹಳೆಯ ಮಂಚವೂ ದೊರೆತಿದೆ. ಮನೆಯ ಸೊಸೆಯಂದಿರೂ ಗಂಡುಮಕ್ಕಳೂ ಬಂದು ಹೊರಳಿಸುವ ಕ್ರಮವನ್ನು ಕಲಿಯಬಹುದೆಂದು ಅವರು ತಿಳಿಸಿದ್ದಾರೆ. ಗಂಡುಮಕ್ಕಳು ಎಂಬ ಮಾತನ್ನು ಅವರು ಎರಡು ಸಲ ಹೇಳಿದರು.

ಅಕ್ಕನ ಮನೆಯನ್ನು ಬಿಟ್ಟುಹೋದ ಹುಡುಗಿ ಮತ್ತೆ ಬರಲಿಲ್ಲ. ಈಗ ತೀರ್ಥಹಳ್ಳಿಯ ಕಡೆ ಬೇರೊಂದು ಮನೆಯಲ್ಲಿದ್ದಾಳೆ. ನಾವು ಅವಳಿಗೆ ಒಂದು ಪತ್ರ ಬರೆದೆವು, ಉತ್ತರ ಬಂದಿಲ್ಲ. ಅಕ್ಕನ ಬಳಿ ಮತ್ತೊಬ್ಬರು ಬಂದಿದ್ದಾರೆ, ನಡುವಯಸ್ಸಿನ ಹೆಂಗಸು. ಕಳೆದ ಸೋಮವಾರ ನಾವು ಹೋದಾಗ ಅಕ್ಕನ ಸೊಸೆಯೂ ಅವರೂ ಅಡುಗೆಮನೆಯಲ್ಲಿ ಎದುರುಬದುರು ಕುಳಿತು ಉಣ್ಣುತ್ತಿದ್ದರು. ನಮ್ಮನ್ನು ಕಂಡು ಆಕೆ ತಟ್ಟೆ ಹಿಡಿದು ಏಳಲು ಹೋದರು. ಸೊಸೆ ಅವರ ಕೈ ಹಿಡಿದು ಕೂರಿಸಿ, ನಮಗೂ ಒಂದು ತಟ್ಟೆ ಇಟ್ಟಳು.